ಬೇಗ ಹೊಡೆಯೋ ಗನ್ನಾ, ಗುರಿ ತಪ್ಪದ ಗನ್ನಾ? ಭಾನುವಾರದೊಳಗೆ ಹೇಳಿ ಮಾರಾಯ್ರೆ

ತುಂಗೆ_ತೀರ
ಬುಧವಾರ, ರಾತ್ರಿ 10:40

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಬರುವ ಭಾನುವಾರ ಊರಿನ ಹುಡುಗರೆಲ್ಲ ಸೇರಿ ಬಿಜಿಎಂಐ (ಪಬ್‌ಜಿಯ ಭಾರತದ ಮೊಬೈಲ್ ಆವೃತ್ತಿ, ಗನ್ ಹಿಡಿದು ಕೊನೆ ತನಕ ಉಳಿಯೋ ಆಟ) ಕಸ್ಟಮ್ ರೂಮ್ ಹಾಕುತ್ತಿದ್ದೇವೆ, ಅಂದರೆ ನಮ್ಮವರಷ್ಟೇ ಆಡೋ ಪಂದ್ಯ. ನಾಲ್ಕು ನಾಲ್ಕು ಜನರ ಆರು ಸ್ಕ್ವಾಡ್, ಎರಂಗೆಲ್ ಮ್ಯಾಪ್, ಮೂರು ಮ್ಯಾಚ್. ದುಡ್ಡಿನ ಪಂದ್ಯ ಅಲ್ಲ. ಕೊನೆಗೆ ಬಂದ ಸ್ಕ್ವಾಡ್ ಉಳಿದ ಇಪ್ಪತ್ತು ಜನಕ್ಕೂ ಕಡುಬು, ಕೋಳಿ ಸಾರು ಮಾಡಿ ಬಡಿಸಬೇಕು. ಹೋದ ಸಲ ಬಡಿಸಿದ್ದು ನಾವೇ. ಬಿಸಿ ಹಿಟ್ಟಲ್ಲಿ ಕಡುಬು ಕಟ್ಟಿ ಹೆಬ್ಬೆರಳು ಸುಟ್ಟುಕೊಂಡು ಎರಡು ದಿನ ಗೇಮ್ ಆಡೋಕೇ ಆಗಲಿಲ್ಲ.

ಈಗ ಮನೆಯಲ್ಲೇ ಜಗಳ. ನನ್ನ ತಮ್ಮನಿಗೆ ಸರಸರ ಗುಂಡು ಸುರಿಸೋ ವೆಕ್ಟರ್ ಅಥವಾ ಮೈಕ್ರೋ ಉಜಿ ಬಿಟ್ಟು ಬೇರೆ ಗನ್ ಬೇಡ. "ಅಣ್ಣಾ, ಅವನು ಒಂದು ಗುಂಡು ಹೊಡೆಯೋದ್ರೊಳಗೆ ನಾನು ಎರಡು ಹೊಡೆದಿರ್ತೀನಿ, ಲೆಕ್ಕ ಮುಗೀತು" ಅನ್ನುತ್ತಾನೆ. ನನಗೆ ಎಂ416 ಬೇಕು, ಜೊತೆಗೆ ದೂರಕ್ಕೆ ಒಂದೊಂದೇ ಹೊಡೆಯೋ ಮಿನಿ14 ಸಿಕ್ಕಿದರೆ ಇನ್ನೂ ಒಳ್ಳೆಯದು. ಹೊಡೆದದ್ದು ತಾಗದಿದ್ದರೆ ಎಷ್ಟು ಬೇಗ ಹೊಡೆದರೆ ಏನು ಬಂತು ಅನ್ನೋದು ನನ್ನ ವಾದ. ಅಪ್ಪ ಇಬ್ಬರಿಗೂ ಬೈದು ಒಳಗೆ ಹೋದರು.

ಫೈರ್ ರೇಟ್ ಮೇಲಾ, ಅಕ್ಯುರೆಸಿ ಮೇಲಾ? "ಎರಡೂ ಬೇಕು" ಅಂತ ಮಾತ್ರ ಹೇಳಬೇಡಿ. ಅದು ನನಗೂ ಗೊತ್ತು.

ಕೊನೆಗೌಡ_416
ಬುಧವಾರ, ರಾತ್ರಿ 10:52

ಎಂ416. ಚರ್ಚೆ ಮುಗೀತು, ಎಲ್ಲರೂ ಮಲಗಿ.

ಬೋರ್ಡೋ_ಬಾಯ್
ಬುಧವಾರ, ರಾತ್ರಿ 11:05

ಮಲಗೋದು ಆಮೇಲೆ. ನಿಮ್ಮ ತಮ್ಮ ಯಾವತ್ತಾದರೂ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆದಿದ್ದಾನಾ ಕೇಳಿ. ಸ್ಪ್ರೇ ಅಂದ್ರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ.

ನಾಝಲ್ ಸಡಿಲ ಮಾಡಿ ಮಂಜಿನ ಹಾಗೆ ಬಿಟ್ಟರೆ ಹತ್ತಿರದ ಕೊನೆ (ಅಡಿಕೆ ಗೊಂಚಲು) ಪೂರ್ತಿ ತೊಯ್ಯುತ್ತದೆ. ಕೈ ಸ್ವಲ್ಪ ಅಲ್ಲಾಡಿದರೂ ಚಿಂತೆ ಇಲ್ಲ. ಅದೇ ಮಂಜನ್ನು ಎತ್ತರದ ಮರಕ್ಕೆ ಬಿಡಿ ನೋಡೋಣ, ಕೊನೆ ಮುಟ್ಟುವ ಮೊದಲೇ ಗಾಳಿಪಾಲು. ಪಂಪಿನ ಸ್ಪೀಡ್ ಎಷ್ಟೇ ಏರಿಸಿದರೂ ಮೈಲುತುತ್ತು, ಸುಣ್ಣ ಎಲ್ಲ ನಮ್ಮ ತಲೆ ಮೇಲೇ ಬೀಳುತ್ತದೆ. ಎತ್ತರಕ್ಕೆ ಧಾರೆ ಸಣ್ಣ ಮಾಡಿಕೊಳ್ಳಲೇಬೇಕು. ಸಣ್ಣ ಮಾಡಿಕೊಂಡ ಮೇಲೆ ಕೈ ನೆಟ್ಟಗಿರಬೇಕು. ವೆಕ್ಟರ್ ಅಂದ್ರೆ ಮಂಜು, ಮಿನಿ14 ಅಂದ್ರೆ ಧಾರೆ. ಮರ ಎಷ್ಟು ಎತ್ತರ ಅಂತ ನೋಡದೆ ನಾಝಲ್ ಬಗ್ಗೆ ಜಗಳ ಆಡಿ ಏನು ಪ್ರಯೋಜನ?

ಹಳೇ_ಸೈಬರ್
ಬುಧವಾರ, ರಾತ್ರಿ 11:48

ಬೋರ್ಡೋ ಹೇಳಿದ್ದು ಚೆನ್ನಾಗಿದೆ. ಆದರೆ ಒಂದು ಗಂಟು ಬಿಡಿಸಬೇಕು. ಅಕ್ಯುರೆಸಿ ಅಂತ ಎಲ್ಲರೂ ಒಂದೇ ಪದ ಬಳಸುತ್ತೀರಿ. ಅದರೊಳಗೆ ಎರಡು ಬೇರೆ ಬೇರೆ ಸಂಗತಿ ಇದೆ.

ನಾನು ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ದುರ್ಗಿಗುಡಿ ಹತ್ತಿರ ಒಂದು ಸೈಬರ್ ಇತ್ತು. ಎಂಟು ಕಂಪ್ಯೂಟರ್, ಒಂದೇ ಫ್ಯಾನ್. ಕ್ಲಾಸಿಗೆ ಚಕ್ಕರ್ ಹೊಡೆದು ಕೌಂಟರ್-ಸ್ಟ್ರೈಕ್ 1.6 ಆಡುತ್ತಿದ್ದೆವು. 2003ರಲ್ಲಿ ಬಂದ ಆಟ, ನಮ್ಮ ಪಾಲಿಗೆ ಡಿಗ್ರಿ ಮುಗಿಯುವ ತನಕ ಅದೇ ಸಿಲಬಸ್. ಅಲ್ಲಿ ಒಬ್ಬ ಹುಡುಗ ಎಕೆ ಹಿಡಿದರೆ ಗುಂಡೆಲ್ಲ ಚಾವಣಿಗೆ. ಇನ್ನೊಬ್ಬ ಅದೇ ಎಕೆ ಹಿಡಿದರೆ ಗುಂಡೆಲ್ಲ ಹಣೆಗೆ. ಗನ್ ಒಂದೇ, ಹಿಡಿದ ಕೈ ಬೇರೆ.

ಯಾಕೆಂದರೆ ಎಕೆ ಮೇಲಕ್ಕೆ ಒದೆಯುವುದು ರಿಕಾಯಿಲ್. ಈ ಆಟದಲ್ಲಿ ಅದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. ಮೊದಲು ಮೇಲಕ್ಕೆ, ಆಮೇಲೆ ಅಕ್ಕಪಕ್ಕಕ್ಕೆ. ಅದನ್ನು ಬಾಯಿಪಾಠ ಮಾಡಿ ಮೌಸ್ ಉಲ್ಟಾ ಎಳೆದರೆ ಆಯಿತು. ಇನ್ನೊಂದು ಸ್ಪ್ರೆಡ್. ಗುಂಡು ಗುರಿಯ ಸುತ್ತ ಒಂದು ವೃತ್ತದೊಳಗೆ ಎಲ್ಲಿ ಬೇಕಾದರೂ ಬೀಳಬಹುದು, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಅದಕ್ಕೆ ಯಾವ ಅಭ್ಯಾಸವೂ ಮದ್ದಲ್ಲ. ನಿಂತು ಹೊಡೆದರೆ ವೃತ್ತ ಸಣ್ಣದು, ಓಡುತ್ತಾ ಹೊಡೆದರೆ ಬುಟ್ಟಿಯಷ್ಟು ದೊಡ್ಡದು.

ಆದ್ದರಿಂದ ಗನ್ ಗುರಿ ತಪ್ಪಿಸುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು, ಒದೆಯುತ್ತದಾ, ಚೆಲ್ಲುತ್ತದಾ? ಒದೆಯುವ ಗನ್ನನ್ನು ಪಳಗಿಸಬಹುದು. ಚೆಲ್ಲುವ ಗನ್ನಿಗೆ ಹತ್ತಿರ ಹೋಗೋದೊಂದೇ ದಾರಿ. ಪಬ್‌ಜಿ ಜಾತಿಯ ಆಟಗಳಲ್ಲಿ ಮೇಲಿನ ಒದೆತ ಅಂದಾಜಿಗೆ ಸಿಗುತ್ತದೆ, ಪಕ್ಕದ ಒದೆತ ಸಿಗೋದಿಲ್ಲ. ಬೆರಿಲ್ ಎಂ762 ಹಿಡಿದವರಿಗೆ ಇದು ಗೊತ್ತು. ಅವರ ಹೆಬ್ಬೆರಳನ್ನೇ ಕೇಳಿ.

ಕೊನೆಗೌಡ_416
ಗುರುವಾರ, ಬೆಳಿಗ್ಗೆ 6:20

ದುರ್ಗಿಗುಡಿ ಸೈಬರಲ್ಲಿ ಮೂಲೆ ಕಂಪ್ಯೂಟರಿನ ಮೌಸ್ ಎಡಕ್ಕೇ ಹೋಗುತ್ತಿರಲಿಲ್ಲ, ಅದೇ ಸೈಬರಾ?

ಹಳೇ_ಸೈಬರ್
ಗುರುವಾರ, ಬೆಳಿಗ್ಗೆ 7:02

ಅದೇ! ಅದರಲ್ಲಿ ಕೂತವನಿಗೆ ಬಲಗಡೆ ಶತ್ರುಗಳು ಮಾತ್ರ.

ಲೆಕ್ಕದ_ಮೇಷ್ಟ್ರು
ಗುರುವಾರ, ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಕ್ಷಮಿಸಿ. ತುಂಗೆ ಅವರ ತಮ್ಮ ಹೇಳಿದ "ಲೆಕ್ಕ ಮುಗೀತು" ಅನ್ನೋ ಮಾತು ನನಗೆ ಚುಚ್ಚಿತು. ಲೆಕ್ಕ ಅಲ್ಲಿ ಶುರುವಾಗೋದು.

ಬಿಜಿಎಂಐ ಡ್ಯಾಮೇಜ್ ಅಂಕಿಗಳು ಅಪ್‌ಡೇಟಿಗೊಮ್ಮೆ ಅತ್ತಿತ್ತ ಆಗುತ್ತವೆ. ಆದ್ದರಿಂದ ಕೌಂಟರ್-ಸ್ಟ್ರೈಕ್ 2ರ ಎರಡು ರೈಫಲ್ ತೆಗೆದುಕೊಳ್ಳುತ್ತೇನೆ. ಎಕೆ-47 ನಿಮಿಷಕ್ಕೆ 600 ಗುಂಡು ಹಾರಿಸುತ್ತದೆ, ಅಂದರೆ ಗುಂಡಿಗೂ ಗುಂಡಿಗೂ ನಡುವೆ 100 ಮಿಲಿಸೆಕೆಂಡ್. ಎಂ4ಎ4 ನಿಮಿಷಕ್ಕೆ 666, ನಡುವೆ 90 ಮಿಲಿಸೆಕೆಂಡ್. ತಮ್ಮನ ಲೆಕ್ಕದಲ್ಲಿ ಎಂ4 ಗೆಲ್ಲಬೇಕು, ಅಲ್ವಾ?

ಎದುರಿಗೆ 100 ಪ್ರಾಣ ಇರುವವನು ಕವಚ ಇಲ್ಲದೆ ನಿಂತಿದ್ದಾನೆ ಅಂದುಕೊಳ್ಳಿ. ಹತ್ತಿರದಿಂದ ಎದೆಗೆ ಎಕೆಯ ಒಂದು ಗುಂಡು 36 ಕಳೆಯುತ್ತದೆ. ಮೂರು ಗುಂಡಿಗೆ 108, ಕೆಲಸ ಆಯಿತು. ಎಂ4ಎ4ದು 33. ಮೂರು ಗುಂಡಿಗೆ 99. ಒಂದೇ ಒಂದು ಪ್ರಾಣ ಇಟ್ಟುಕೊಂಡು ಅವನು ನಿಮ್ಮ ಕಡೆ ತಿರುಗುತ್ತಾನೆ! ನಾಲ್ಕನೆಯದು ಬೇಕು. ಮೊದಲ ಗುಂಡಿಗೆ ಕಾಯಬೇಕಾಗಿಲ್ಲ, ಆದ್ದರಿಂದ ಬೇಕಾದ ಗುಂಡಿನಲ್ಲಿ ಒಂದು ಕಳೆದು ನಡುವಿನ ಸಮಯದಿಂದ ಗುಣಿಸಿ. ಎಕೆಗೆ 200 ಮಿಲಿಸೆಕೆಂಡ್, ಎಂ4ಎ4ಗೆ 270. ಕವಚ ಇದ್ದರೆ ಎಕೆ ಸುಮಾರು 27 ಕಳೆಯುತ್ತದೆ, ನಾಲ್ಕು ಗುಂಡು, 300. ಎಂ4ಎ4 ಸುಮಾರು 23, ಐದು ಗುಂಡು, 360. ಬೇಗ ಹೊಡೆಯುವ ಗನ್ ನಿಧಾನಕ್ಕೆ ಕೊಲ್ಲುತ್ತಿದೆ.

ಪ್ರಾಣ ಮೆಟ್ಟಿಲಿನ ಹಾಗೆ ಇಳಿಯುತ್ತದೆ, ಇಳಿಜಾರಿನ ಹಾಗಲ್ಲ. ಅರ್ಧ ಗುಂಡು ಅಂತ ಇಲ್ಲ. ಆದ್ದರಿಂದ ಫೈರ್ ರೇಟ್ ನೋಡುವ ಮೊದಲು ಎಷ್ಟು ಗುಂಡು ಬೇಕು ಅನ್ನೋದನ್ನು ನೋಡಬೇಕು.

ಇಷ್ಟೂ ಒಂದೂ ತಪ್ಪದೆ ಹೊಡೆಯುವವರ ಕಥೆ. ನಾವು ಹಾಗಲ್ಲ. ಈಗ ತಮ್ಮನ ಪರವಾಗಿ ವಾದಿಸುತ್ತೇನೆ. ಅದೇ ಆಟದ ಮ್ಯಾಕ್-10 ತೆಗೆದುಕೊಳ್ಳಿ. ನಿಮಿಷಕ್ಕೆ 800, ನಡುವೆ 75 ಮಿಲಿಸೆಕೆಂಡ್. ಕವಚದ ಮೇಲೆ ಗುಂಡಿಗೆ ಸುಮಾರು 16 ಮಾತ್ರ, ಹಾಗಾಗಿ ಏಳು ಗುಂಡು ಬೇಕು, 450 ಮಿಲಿಸೆಕೆಂಡ್. ಕಾಗದದ ಮೇಲೆ ಎಕೆಗಿಂತ ಒಂದೂವರೆ ಪಟ್ಟು ನಿಧಾನ. ಆದರೆ ಹತ್ತಿರದ ಜಗಳದಲ್ಲಿ ಇಬ್ಬರೂ ಓಡುತ್ತಿದ್ದಾರೆ. ಓಡುವಾಗ ಎಕೆ ಚೆಲ್ಲುವಷ್ಟು ಮ್ಯಾಕ್-10 ಚೆಲ್ಲೋದಿಲ್ಲ. ಉದಾಹರಣೆಗೆ ಎಕೆಯವನ ಅರ್ಧ ಗುಂಡು ತಾಗುತ್ತದೆ, ಮ್ಯಾಕ್-10ನವನ ಹತ್ತರಲ್ಲಿ ಎಂಟು ತಾಗುತ್ತದೆ ಅನ್ನೋಣ. ಎಕೆಗೆ ಸರಾಸರಿ ಎಂಟು ಗುಂಡು ಬೇಕಾಯಿತು, 700 ಮಿಲಿಸೆಕೆಂಡ್. ಮ್ಯಾಕ್-10ಗೆ ಸುಮಾರು ಒಂಬತ್ತು, 600. ಲೆಕ್ಕ ತಿರುಗಿಬಿತ್ತು.

ಒಂದು ತಪ್ಪಿನ ಬೆಲೆ ಎಷ್ಟು ಅಂತಲೂ ನೋಡಿ. ಮ್ಯಾಕ್-10 ತಪ್ಪಿದರೆ 75 ಮಿಲಿಸೆಕೆಂಡ್ ದಂಡ, ಎಕೆ ತಪ್ಪಿದರೆ 100. ಎಡಬ್ಲ್ಯೂಪಿ ಸ್ನೈಪರ್ ತಪ್ಪಿದರೆ ಹತ್ತಿರ ಹತ್ತಿರ ಒಂದೂವರೆ ಸೆಕೆಂಡ್. ಅಷ್ಟು ಹೊತ್ತಿಗೆ ಎದುರಿನವನು ಊಟ ಮಾಡಿ ಕೈ ತೊಳೆದುಕೊಂಡು ಬಂದು ಹೊಡೆಯಬಹುದು. ಫೈರ್ ರೇಟ್ ಜಾಸ್ತಿ ಇರುವ ಗನ್ ನಿಮ್ಮ ತಪ್ಪನ್ನು ಅಗ್ಗ ಮಾಡುತ್ತದೆ. ಆದರೆ ತಪ್ಪುಗಳು ಎಷ್ಟು ಅನ್ನೋದನ್ನು ದೂರ ನಿರ್ಧರಿಸುತ್ತದೆ.

ದೂರದ ಲೆಕ್ಕ ಹೇಳಿ ಮುಗಿಸುತ್ತೇನೆ, ಬೆಲ್ ಆಗುತ್ತದೆ. ಗನ್ನಿನ ಚೆಲ್ಲು ಕಾಲು ಡಿಗ್ರಿ ಅನ್ನಿ. 10 ಮೀಟರಿನಲ್ಲಿ ಗುರಿಯಿಂದ ನಾಲ್ಕು ಸೆಂಟಿಮೀಟರ್ ಚಿಲ್ಲರೆ ಆಚೀಚೆ. 50 ಮೀಟರಿನಲ್ಲಿ ಸುಮಾರು 22 ಸೆಂಟಿಮೀಟರ್. ತಲೆಯ ಅಗಲವೇ ಅಷ್ಟಿಲ್ಲ. ದೂರ ಎರಡು ಪಟ್ಟಾದರೆ ವೃತ್ತದ ವಿಸ್ತಾರ ನಾಲ್ಕು ಪಟ್ಟು. ಫೈರ್ ರೇಟ್ ಎರಡು ಪಟ್ಟು ಮಾಡಿದರೂ ಆ ನಾಲ್ಕು ಪಟ್ಟಿಗೆ ಸಾಲೋದಿಲ್ಲ. ಬೋರ್ಡೋ ಅವರ ಪಂಪು ಸೋಲೋದು ಇದಕ್ಕೇ.

ಬೋರ್ಡೋ_ಬಾಯ್
ಗುರುವಾರ, ಮಧ್ಯಾಹ್ನ 1:41

ಮೇಷ್ಟ್ರೇ, ನೀವು ನನಗೆ ಹೈಸ್ಕೂಲಲ್ಲಿ ಸಿಕ್ಕಿದ್ದರೆ ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಎರಡು ಸಲ ಬರೆಯುತ್ತಿರಲಿಲ್ಲ.

ವಿನೋಬನಗರ_ವ್ಯಾಂಡಲ್
ಗುರುವಾರ, ಸಂಜೆ 5:15

ಪಿಸಿ ಕಡೆಯಿಂದ ಒಂದು ಮಾತು. ವ್ಯಾಲೊರಂಟ್ ಅನ್ನೋ ಗನ್ ಆಟ ಆಡೋರು ಈ ಜಗಳವನ್ನು 2020ರಿಂದ ಆಡುತ್ತಲೇ ಇದ್ದಾರೆ. ಅಲ್ಲಿನ ಎರಡು ರೈಫಲ್‌ಗಳಲ್ಲಿ ಫ್ಯಾಂಟಮ್ ಸೆಕೆಂಡಿಗೆ 11 ಗುಂಡು, ವ್ಯಾಂಡಲ್ 9.75. ಎರಡಕ್ಕೂ ಒಂದೇ ಬೆಲೆ, ಆಟದ ದುಡ್ಡಲ್ಲಿ 2900. ಫ್ಯಾಂಟಮ್ ಬೇಗ ಹೊಡೆಯುತ್ತದೆ, ಮ್ಯಾಗಜೀನಲ್ಲಿ ಗುಂಡೂ ಜಾಸ್ತಿ, ಸದ್ದು ಕಮ್ಮಿ. ಆದರೂ ವ್ಯಾಂಡಲ್ ಯಾಕೆ ತಗೋತಾರೆ ಅಂದರೆ, ಅದರ ಒಂದು ಗುಂಡು ತಲೆಗೆ ಬಿದ್ದರೆ ಎಷ್ಟೇ ದೂರ ಇರಲಿ 160. ಪೂರ್ತಿ ಶೀಲ್ಡ್ ಹಾಕಿದವನ ಹತ್ತಿರ ಇರೋದೇ 150. ಫ್ಯಾಂಟಮ್ ಗುಂಡು ದೂರ ಹೋದ ಹಾಗೆ ಬಲ ಕಳೆದುಕೊಳ್ಳುತ್ತದೆ.

ನಾನು ವ್ಯಾಂಡಲ್. ತಲೆಗೆ ಹೊಡೆಯೋಕೆ ಬರುತ್ತದೆ ಅಂತ ಅಲ್ಲ, ಬರುತ್ತದೆ ಅನ್ನೋ ಭ್ರಮೆ ಇದೆ. ಅಂಕಿ ನೋಡಿದರೆ ನಾನು ಫ್ಯಾಂಟಮ್ ಹಿಡಿಯಬೇಕಾದವನು.

ಇಕ್ಕೇರಿ_ಸ್ನೈಪರ್
ಗುರುವಾರ, ರಾತ್ರಿ 9:10

ವಿನೋಬನಗರ ಅಣ್ಣ ನಿಜ ಹೇಳಿದರು. ಹುಡುಗರು ಸ್ನೈಪರ್ ಹಿಡಿಯೋದು ಅರ್ಧ ಸ್ಟೈಲಿಗೆ. ನಾನು ಸಾಗರದವಳು, ನಾಲ್ಕು ವರ್ಷದಿಂದ ಮಿನಿ14 ಮತ್ತು ಕಾರ್98ಕೆ ಸ್ನೈಪರ್ ಬಿಟ್ಟು ಬೇರೆ ಹಿಡಿದಿಲ್ಲ. ಅದಕ್ಕೆ ಕಾರಣ ನನ್ನ ಅಜ್ಜ.

ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ನಳಿಗೆಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಇಡಬೇಕು. ಒಂದು ಈಡಿಗೆ ಅಷ್ಟೂ ಕೆಲಸ. ತೋಟಕ್ಕೆ ಮಂಗಗಳ ಹಿಂಡು ಬಂದಾಗ ಅದನ್ನು ಹಿಡಿದು ಹೋಗುತ್ತಿದ್ದರು, ಹೆದರಿಸೋದಕ್ಕೆ ಅಷ್ಟೇ. ಮಂಗಗಳಿಗೆ ಆ ಕೋವಿಯ ಫೈರ್ ರೇಟ್ ಪಕ್ಕಾ ಗೊತ್ತಿತ್ತು! ಒಂದು ಢಂ ಅಂದ ಮೇಲೆ ಇನ್ನು ಎರಡು ನಿಮಿಷ ಏನೂ ಆಗೋದಿಲ್ಲ ಅಂತ ತಿಳಿದು ವಾಪಸ್ ಬಂದು ಬಾಳೆಗೊನೆಗೆ ಕೈ ಹಾಕುತ್ತಿದ್ದವು. ಆದ್ದರಿಂದ ಅಜ್ಜ ಮೊದಲ ಈಡನ್ನು ಸುಮ್ನೆ ಹೊಡೆಯುತ್ತಲೇ ಇರಲಿಲ್ಲ. ಹಿಂಡು ಪೂರ್ತಿ ಕೆಳಗೆ ಇಳಿಯುವ ತನಕ ಹಲಸಿನ ಮರದ ಹಿಂದೆ ಕೂತಿರುತ್ತಿದ್ದರು. ಅಲ್ಲಿ ಅವರ ಪಕ್ಕ ಉಸಿರು ಬಿಗಿಹಿಡಿದು ಕೂತದ್ದೇ ನನ್ನ ಟ್ರೈನಿಂಗ್.

ಈಗ ಆಟಕ್ಕೆ ಬರುತ್ತೇನೆ. ಮೇಷ್ಟ್ರು ಕೊಲ್ಲೋಕೆ ಎಷ್ಟು ಸಮಯ ಬೇಕು ಅಂತ ಹೇಳಿದರು. ನಾನು ನೋಡೋದು ಅವನು ಎಷ್ಟು ಹೊತ್ತು ಕಾಣಿಸುತ್ತಾನೆ ಅಂತ. ಕಿಟಕಿಯಿಂದ ಅರ್ಧ ಸೆಕೆಂಡ್ ಇಣುಕಿ ಒಳಗೆ ಹೋಗುತ್ತಾನೆ ಅನ್ನಿ. ಪಬ್‌ಜಿ ಪಿಸಿ ಲೆಕ್ಕದಲ್ಲಿ ಎಂ416 ಗುಂಡುಗಳ ನಡುವೆ 0.086 ಸೆಕೆಂಡ್, ವೆಕ್ಟರಿಗೆ 0.055. ಆ ಅರ್ಧ ಸೆಕೆಂಡಿನಲ್ಲಿ ಎಂ416 ಆರು ಗುಂಡು ಬಿಡುತ್ತದೆ, ವೆಕ್ಟರ್ ಹತ್ತು. ಕಾರ್98ಕೆ ಒಂದೇ. ಹತ್ತಿರದ ಕಿಟಕಿಯಾದರೆ ಹತ್ತು ಗುಂಡಿನವನು ರಾಜ. ದೂರದ ಕಿಟಕಿಯಾದರೆ ಹತ್ತೂ ಗೋಡೆಗೆ. ಒಂದೇ ಗುಂಡಿನವಳು ಮೊದಲೇ ಆ ಕಿಟಕಿ ಮೇಲೆ ಗುರಿ ಇಟ್ಟು ಕಾಯುತ್ತಿದ್ದರೆ ಸಾಕು. ನಿಧಾನದ ಗನ್ ಹಿಡಿದವರು ಹೊಡೆಯೋ ಮುಂಚೆ ಕೆಲಸ ಮುಗಿಸಿರಬೇಕು.

ಗುಂಡಿನ ವೇಗವನ್ನೂ ಮರೀಬೇಡಿ. ಮಿನಿ14 ಗುಂಡು ಸೆಕೆಂಡಿಗೆ 990 ಮೀಟರ್, ಕಾರ್98ಕೆ ಗುಂಡು 760. 200 ಮೀಟರ್ ದೂರದಲ್ಲಿ ಓಡುವವನು ಸೆಕೆಂಡಿಗೆ ಆರು ಮೀಟರ್ ಓಡುತ್ತಾನೆ ಅಂದುಕೊಂಡರೆ, ಮಿನಿ14ರಲ್ಲಿ ಅವನಿಗಿಂತ ಒಂದು ಮೀಟರ್ ಚಿಲ್ಲರೆ ಮುಂದೆ ಹೊಡೆಯಬೇಕು. ಕಾರ್98ಕೆಯಲ್ಲಿ ಒಂದೂವರೆ ಮೀಟರಿಗೂ ಜಾಸ್ತಿ. ಗನ್ನಿನ ಕಾರ್ಡಲ್ಲಿ ಅಕ್ಯುರೆಸಿ ಪಟ್ಟಿ ಎಷ್ಟೇ ಉದ್ದ ಇರಲಿ, ಈ ಅಂದಾಜು ನಮ್ಮ ತಲೆಯಲ್ಲೇ ಇರಬೇಕು.

ತುಂಗೆ_ತೀರ
ಗುರುವಾರ, ರಾತ್ರಿ 9:35

ತಮ್ಮನಿಗೆ ಎಲ್ಲ ಓದಿ ಹೇಳಿದೆ. "ಮೇಷ್ಟ್ರು ನನ್ನ ಕಡೆ" ಅಂದ. ಮೇಷ್ಟ್ರೇ, ಇದೆಂಥ ಮಾಡಿಟ್ಟಿರಿ?

ಆಗುಂಬೆ_ಪಿಂಗ್_300
ಗುರುವಾರ, ರಾತ್ರಿ 11:20

ಎಲ್ಲರೂ ಮಿಲಿಸೆಕೆಂಡ್ ಲೆಕ್ಕ ಹಾಕುತ್ತಿದ್ದೀರಿ. ನನಗೆ ನಗು ಬರುತ್ತದೆ. ಎಕೆಗೂ ಎಂ4ಗೂ 60 ಮಿಲಿಸೆಕೆಂಡ್ ವ್ಯತ್ಯಾಸ ಅಂತೆ. ಮಳೆ ಶುರುವಾದರೆ ನಮ್ಮ ಮನೆಯಲ್ಲಿ ಪಿಂಗ್ (ಸರ್ವರಿಗೆ ಸುದ್ದಿ ಹೋಗಿ ಬರೋ ಸಮಯ) ಉಸಿರಾಡುವ ಹಾಗೆ 90ರಿಂದ 300ಕ್ಕೆ ಹೋಗಿ ಬರುತ್ತದೆ. ನಾನು ಹೊಡೆದವನು ಸತ್ತಿದ್ದಾನಾ ಇಲ್ಲವಾ ಅನ್ನೋದು ನನಗೆ ಪತ್ರದ ಮೂಲಕ ತಿಳಿಯುತ್ತದೆ.

ಆದರೂ ಕಷ್ಟಪಟ್ಟು ಕಲಿತದ್ದು ಹೇಳುತ್ತೇನೆ. ಪಿಂಗ್ ಕೆಟ್ಟಾಗ ಎದುರಾಬದುರು ಹತ್ತಿರದ ಜಗಳ ಬೇಡವೇ ಬೇಡ. ಅವನು ಬಾಗಿಲಿನಿಂದ ಬಂದದ್ದು ನಿಮ್ಮ ಸ್ಕ್ರೀನಿಗೆ ಬರುವಷ್ಟರಲ್ಲಿ ಅವನು ಹೊಡೆದು ಆಗಿರುತ್ತದೆ. ಆಗ ವೆಕ್ಟರ್ ಇದ್ದರೂ ಅಷ್ಟೇ, ದೊಣ್ಣೆ ಇದ್ದರೂ ಅಷ್ಟೇ. ದೂರ ನಿಂತು, ನಿಂತಿರುವವನಿಗೆ ಒಂದೊಂದೇ ಹೊಡೆಯೋದು ನೆಟ್ ಇಲ್ಲದ ಊರಿನವರ ಆಟ.

ಫೋನಿನ ಫ್ರೇಮ್ ಕೂಡ ಲೆಕ್ಕಕ್ಕೆ ಬರುತ್ತದೆ. ನನ್ನ ಹಳೇ ಫೋನು ಸ್ಮೋಕ್ ಬಿದ್ದರೆ 30 ಫ್ರೇಮಿಗೆ ಇಳಿಯುತ್ತದೆ. ಅಂದರೆ 33 ಮಿಲಿಸೆಕೆಂಡಿಗೆ ಒಂದು ಚಿತ್ರ. ವೆಕ್ಟರ್ 55 ಮಿಲಿಸೆಕೆಂಡಿಗೊಂದು ಗುಂಡು ಬಿಟ್ಟರೆ, ಗುಂಡಿಗೆ ಒಂದೋ ಎರಡೋ ಚಿತ್ರ ಮಾತ್ರ ಕಣ್ಣಿಗೆ ಸಿಗುತ್ತದೆ. ಅಷ್ಟರಲ್ಲಿ ಒದೆತ ನೋಡಿ ಗೈರೋದಲ್ಲಿ (ಫೋನ್ ಓರೆ ಮಾಡಿದರೆ ಗುರಿ ಸರಿಯೋ ವ್ಯವಸ್ಥೆ) ಫೋನ್ ಬಗ್ಗಿಸಿ ಸರಿ ಮಾಡೋದು ಯಾವಾಗ? ನಿಧಾನದ ಗನ್ ನನ್ನ ಫೋನಿಗೆ ಉಸಿರಾಡೋಕೆ ಬಿಡುತ್ತದೆ. ಒಳ್ಳೆ ಫೋನ್, ಒಳ್ಳೆ ನೆಟ್ ಇರುವವನ ವೀಡಿಯೋ ನೋಡಿ ಅವನ ಗನ್ ತೆಗೆದುಕೊಂಡರೆ ಅವನ ಹಾಗೆ ಆಗೋದಿಲ್ಲ.

ಸೊರಬ_ಸ್ಪೀಡ್
ಶುಕ್ರವಾರ, ಬೆಳಿಗ್ಗೆ 8:00

ಫೋನ್ ಬದಲಾಯಿಸಿ ಸರ್.

ಆಗುಂಬೆ_ಪಿಂಗ್_300
ಶುಕ್ರವಾರ, ಬೆಳಿಗ್ಗೆ 8:04

ಅಡಿಕೆ ರೇಟ್ ನಿಮ್ಮ ಕೈಯಲ್ಲಿದ್ದರೆ ಹೇಳಿ, ಇವತ್ತೇ ಬದಲಾಯಿಸುತ್ತೇನೆ.

ನಿವೃತ್ತ_ಹವಾಲ್ದಾರ್
ಶುಕ್ರವಾರ, ಬೆಳಿಗ್ಗೆ 10:30

ನಾನು ಆಟ ಆಡುವವನಲ್ಲ. ಮಗ ತೋರಿಸಿದ, ಓದಿದೆ. ಎರಡು ಮಾತು ಹೇಳಬಹುದಾ?

ನಮ್ಮ ಕೈಗೆ ಕೊಟ್ಟಿದ್ದು ಇನ್ಸಾಸ್ ರೈಫಲ್. ಅದರಲ್ಲಿ ಒಂದೊಂದೇ ಗುಂಡು ಹೊಡೆಯಬಹುದು, ಇಲ್ಲವೇ ಟ್ರಿಗರ್ ಒತ್ತಿದರೆ ಮೂರು ಗುಂಡು ಹೋಗಿ ನಿಲ್ಲುತ್ತದೆ. ಒತ್ತಿ ಹಿಡಿದರೆ ಮ್ಯಾಗಜೀನ್ ಖಾಲಿಯಾಗುವ ತನಕ ಹೋಗುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಗುಂಡು ಹೊತ್ತುಕೊಂಡು ಗುಡ್ಡ ಹತ್ತಿದವರಿಗೆ ಅದರ ಬೆಲೆ ಗೊತ್ತು. ಮೂರನೆಯ ಗುಂಡಿನ ಹೊತ್ತಿಗೆ ನಳಿಗೆ ಮೇಲೆದ್ದಿರುತ್ತದೆ.

ಸೈಬರ್ ಅವರು ಒದೆತ, ಚೆಲ್ಲು ಬೇರೆ ಬೇರೆ ಅಂದರಲ್ಲ, ರೇಂಜಿನಲ್ಲಿ ನಮಗೆ ಮೊದಲು ಕಲಿಸುತ್ತಿದ್ದದ್ದು ಅದನ್ನೇ. ಗ್ರೂಪಿಂಗ್ ಅನ್ನುತ್ತಿದ್ದೆವು. ಒಂದೇ ಜಾಗಕ್ಕೆ ಗುರಿ ಇಟ್ಟು ಕೆಲವು ಗುಂಡು ಹೊಡೆಯಬೇಕು. ತೂತುಗಳೆಲ್ಲ ಒತ್ತೊತ್ತಾಗಿ ಬಿದ್ದು, ಗುರಿಯಿಂದ ಪಕ್ಕಕ್ಕೆ ಇದ್ದರೆ ಉಸ್ತಾದರು ಬೈಯುತ್ತಿರಲಿಲ್ಲ. ಸೈಟ್ ತಿರುಗಿಸಿದರೆ ಸರಿಯಾಗುತ್ತದೆ. ಒಂದು ಅಲ್ಲಿ, ಒಂದು ಇಲ್ಲಿ ಬಿದ್ದು, ಅದರಲ್ಲಿ ಒಂದು ಸರಿಯಾಗಿ ನಡುಮಧ್ಯಕ್ಕೇ ಬಿದ್ದಿದ್ದರೂ ಬೈಗುಳ ತಪ್ಪುತ್ತಿರಲಿಲ್ಲ. ಹುಡುಗರು ಗೋಡೆಗೆ ಹೊಡೆದು ತಮ್ಮ ಗ್ರೂಪಿಂಗ್ ನೋಡಿಕೊಳ್ಳಲಿ. ವಾದ ತಾನಾಗೇ ಕಡಿಮೆ ಆಗುತ್ತದೆ.

ಹಳೇ_ಸೈಬರ್
ಶುಕ್ರವಾರ, ಬೆಳಿಗ್ಗೆ 11:15

ಸರ್, ಆಟದಲ್ಲೂ ಎಂ16ಎ4 ಅಂತ ಒಂದಿದೆ, ಒಂದೊಂದು ಇಲ್ಲವೇ ಬರ್ಸ್ಟ್ ಮಾತ್ರ. ಯಾರೂ ಎತ್ತೋದಿಲ್ಲ ಅದನ್ನು, ಪಾಪ.

ತುಂಗೆ_ತೀರ
ಶುಕ್ರವಾರ, ರಾತ್ರಿ 10:15

ಹವಾಲ್ದಾರ್ ಸರ್ ಹೇಳಿದ ಹಾಗೆ ಮಾಡಿದೆವು. ಟ್ರೈನಿಂಗ್ ಗ್ರೌಂಡಿಗೆ ಹೋಗಿ ಇಬ್ಬರೂ ತಲಾ 30 ಗುಂಡು ಹೊಡೆದೆವು. ಒಬ್ಬ ಹೊಡೆಯೋದು, ಇನ್ನೊಬ್ಬ ಎಣಿಸೋದು. ತಾಯಿ ಮೇಲೆ ಆಣೆ ಹಾಕಿಸಿ ಎಣಿಸಿದ್ದು.

50 ಮೀಟರ್ ಹತ್ತಿರದ ಬೋರ್ಡಿಗೆ ತಮ್ಮನ ವೆಕ್ಟರ್ 30ರಲ್ಲಿ 8. ನನ್ನ ಎಂ416 19. ಕುಣಿದೆ. ಆಮೇಲೆ ಹತ್ತಿರದ ಬೋರ್ಡು, ಅದೂ ಎಡಬಲಕ್ಕೆ ಓಡುತ್ತಾ ಹೊಡೆಯೋದು. ಅವನದು 26. ನನ್ನದು 15! ಗನ್ ಬದಲಾಯಿಸಿಕೊಂಡು ನೋಡಿದೆವು. ಎಂ416 ಹಿಡಿದೂ ಅವನು ಹತ್ತಿರದಲ್ಲಿ 22 ಹೊಡೆದ. ವೆಕ್ಟರ್ ಹಿಡಿದೂ ನಾನು 18 ದಾಟಲಿಲ್ಲ.

ಅಂದರೆ ಹತ್ತಿರದಲ್ಲಿ ನನ್ನ ಕೈಯೇ ಸರಿ ಇಲ್ಲ. ಎರಡು ವರ್ಷದಿಂದ ಗನ್ನಿಗೆ ಬೈಯುತ್ತಿದ್ದೆ. ತಮ್ಮ ಏನೂ ಹೇಳಲಿಲ್ಲ, ಸುಮ್ನೆ ನಕ್ಕ. ಹೇಳಿದ್ದರೇ ವಾಸಿ ಇತ್ತು.

ಲೆಕ್ಕದ_ಮೇಷ್ಟ್ರು
ಶುಕ್ರವಾರ, ರಾತ್ರಿ 10:50

ಎಷ್ಟು ಚೆನ್ನಾಗಿದೆ ಈ ಅಂಕಿ! ಇಡೀ ಚರ್ಚೆಯಲ್ಲಿ ನಿಮ್ಮದೇ ಸರಿಯಾದ ಕೆಲಸ. ಒಂದೊಂದೇ ಸಲ ಹೊಡೆದಿದ್ದೀರಿ, ಇನ್ನೂ ನಾಲ್ಕೈದು ಸಲ ಹೊಡೆದು ಸರಾಸರಿ ತೆಗೆದರೆ ನಂಬಬಹುದು. ಆದರೂ ದಿಕ್ಕು ಕಾಣಿಸುತ್ತಿದೆ. ವೆಕ್ಟರಿನ 30 ಗುಂಡು ಒಂದೂವರೆ ಸೆಕೆಂಡ್ ಚಿಲ್ಲರೆಯಲ್ಲಿ ಮುಗಿಯುತ್ತದೆ, ಎಂ416ದು ಎರಡೂವರೆ ಸೆಕೆಂಡ್. ಹತ್ತಿರದಲ್ಲಿ ತಮ್ಮ ಒಂದೂವರೆ ಸೆಕೆಂಡಿನಲ್ಲಿ 26 ತಾಗಿಸಿದ. ದೂರದಲ್ಲಿ ಅದೇ ಹೊತ್ತಿನಲ್ಲಿ 8. ಆಮೇಲೆ ರೀಲೋಡ್ ಮಾಡುತ್ತಾ ಬಯಲಲ್ಲಿ ನಿಲ್ಲಬೇಕು. ಆ ರೀಲೋಡನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ತಮ್ಮನನ್ನು ಮನೆ ನುಗ್ಗೋಕೆ ಮುಂದೆ ಬಿಡಿ. ನೀವು ಹಿಂದೆ ನಿಂತು ದೂರ ನೋಡಿಕೊಳ್ಳಿ.

ಇಕ್ಕೇರಿ_ಸ್ನೈಪರ್
ಶುಕ್ರವಾರ, ರಾತ್ರಿ 11:02

ಮತ್ತೆ ಎಂ416 ಅನ್ನು ದೂರಕ್ಕೆ ಸಿಂಗಲ್ ಮಾಡಿಕೊಂಡು ಹೊಡೆಯಿರಿ. ಒಂದೇ ಗನ್ನಿನಲ್ಲಿ ಎರಡು ನಾಝಲ್ ಇದೆ, ಬಟನ್ ಅಲ್ಲೇ ಇದೆ, ಯಾರೂ ಒತ್ತೋದಿಲ್ಲ.

ಕೊನೆಗೌಡ_416
ಶನಿವಾರ, ಬೆಳಿಗ್ಗೆ 6:10

ನಾನು ಬುಧವಾರವೇ ಎಂ416 ಅಂದಿದ್ದೆ.

ತುಂಗೆ_ತೀರ
ಭಾನುವಾರ, ರಾತ್ರಿ 11:50

ಮುಗೀತು. ಮೂರನೇ ಸ್ಥಾನ. ಕಡುಬು ತಿಂದು ಬಂದೆವು, ಕಟ್ಟಲಿಲ್ಲ.

ಮೊದಲ ಮ್ಯಾಚು ಮ್ಯಾಪಿನ ಪೊಚಿಂಕಿ ಅನ್ನೋ ಊರಲ್ಲಿ ಇಳಿದೆವು. ತಮ್ಮ ವೆಕ್ಟರ್ ಹಿಡಿದು ಮನೆಯಿಂದ ಮನೆಗೆ ನುಗ್ಗಿದ. ಐದು ಕಿಲ್. ನಾನು ಹಿಂದೆ ಮಹಡಿ ಮೇಲೆ ನಿಂತು ಒಂದು ಕಿಲ್, ಅದೂ ತಮ್ಮ ಅರ್ಧ ಕೊಂದವನು. ಎರಡನೇ ಮ್ಯಾಚಿನ ನಡುವೆ ಕರೆಂಟು ಹೋಯಿತು, ವೈಫೈ ಹೋಯಿತು, ನಾಲ್ಕೂ ಜನ ಮೊಬೈಲ್ ಡೇಟಾಗೆ ಬರುವಷ್ಟರಲ್ಲಿ ಕುಗ್ಗುತ್ತಾ ಬರೋ ಸರ್ಕಲಿನ ಹೊರಗೆ ಸಿಕ್ಕಿಬಿದ್ದು ಝೋನ್ ತಿಂದುಬಿಟ್ಟಿತು. ಅದರ ಬಗ್ಗೆ ಏನೂ ಹೇಳೋದಿಲ್ಲ. ಆಗುಂಬೆಯವರಿಗೆ ಅರ್ಥವಾಗುತ್ತದೆ.

ಮೂರನೇದು ನೋಡಬೇಕಿತ್ತು. ಕೊನೇ ಸರ್ಕಲ್ ಬಟ್ಟ ಬಯಲಲ್ಲಿ ಬಂತು. ಮರ ಇಲ್ಲ, ಮನೆ ಇಲ್ಲ, ಒಂದು ಬಂಡೆ. ಎದುರಿನವರು ನೂರು ಮೀಟರ್ ಆಚೆ. ತಮ್ಮ ವೆಕ್ಟರಲ್ಲಿ ಒಂದು ಮ್ಯಾಗಜೀನ್ ಪೂರ್ತಿ ಖಾಲಿ ಮಾಡಿದ. ಒಂದೂ ತಾಗಲಿಲ್ಲ. ಎದುರಿನವರಿಗೆ ನಾವೆಲ್ಲಿದ್ದೇವೆ ಅಂತ ಮಾತ್ರ ಗೊತ್ತಾಯಿತು. ಅಷ್ಟರಲ್ಲಿ ನಾನು ಬಿದ್ದೆ. ನನ್ನ ಪೆಟ್ಟಿಗೆಯಿಂದ ಮಿನಿ14 ಎತ್ತಿಕೊಂಡ. ಜೀವನದಲ್ಲಿ ಒಮ್ಮೆಯೂ ಹಿಡಿದಿರಲಿಲ್ಲ. ಬಂಡೆಯ ಹಿಂದೆ ಮಲಗಿ ಸುಮಾರು ಹೊತ್ತು ಏನೂ ಹೊಡೆಯಲಿಲ್ಲ. ನಾನು ಪಕ್ಕದಲ್ಲಿ ಕೂತು "ಹೊಡಿಯೋ ಮಾರಾಯ" ಅಂತ ಕೂಗುತ್ತಿದ್ದೆ. ಅವನು ಹೊಡೆಯಲಿಲ್ಲ. ಎದುರಿನವನು ಬ್ಯಾಂಡೇಜ್ ಹಾಕೋಕೆ ಕೂತಾಗ ಎರಡು ಗುಂಡು, ಬಿದ್ದ. ಅವನನ್ನು ಎತ್ತೋಕೆ ಬಂದವನಿಗೆ ಮೂರು ಗುಂಡು, ಅವನೂ ಬಿದ್ದ. ಮೂರನೆಯವನು ಹಿಂದಿನಿಂದ ಬಂದು ತಮ್ಮನನ್ನು ಹೊಡೆದ. ಉಜಿಯಲ್ಲಿ.

ಈಗ ಒಂದು ಪ್ರಶ್ನೆ. ಮಿನಿ14ಗೆ 4x ಸ್ಕೋಪ್ ಹಾಕಿದರೆ ಗೈರೋ ಸೆನ್ಸಿಟಿವಿಟಿ ಎಷ್ಟು ಇಡಬೇಕು? ಕೇಳುತ್ತಿರೋದು ನಾನಲ್ಲ.

ಇಕ್ಕೇರಿ_ಸ್ನೈಪರ್
ಸೋಮವಾರ, ಬೆಳಿಗ್ಗೆ 7:20

ಅವನಿಗೇ ಬಂದು ಕೇಳೋಕೆ ಹೇಳಿ. ನಾಚಿಕೆ ಬೇಡ ಅನ್ನಿ.